ಬೇಡದ ವಾದ್ಯ

1957ರ ಅಕ್ಟೋಬರ್ 18. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಒಂದು ಸಭಾಂಗಣ. ಹದಿನೈದು ವರ್ಷದ ಹುಡುಗನೊಬ್ಬ ‘ಕ್ವಾರಿಮೆನ್’ ಎಂಬ ತಂಡದೊಡನೆ ಮೊದಲ ಬಾರಿಗೆ ವೇದಿಕೆ ಹತ್ತಿದ್ದ. ‘ಗಿಟಾರ್ ಬೂಗಿ’ ಎಂಬ ತುಣುಕಿನಲ್ಲಿ ಒಬ್ಬನೇ ನುಡಿಸಿ ಭೇಷ್ ಅನ್ನಿಸಿಕೊಳ್ಳುವ ಸರದಿ ಅವನದು. ಸರದಿ ಬಂತು, ಬೆರಳುಗಳು ಕೈಕೊಟ್ಟವು. ತಪ್ಪು ಸ್ವರಗಳು ಒಂದರ ಮೇಲೊಂದು ಮುಗ್ಗರಿಸಿದವು. ಮುಂದಾಳು ಗಿಟಾರ್ ವಾದಕನಾಗುವುದು ತನ್ನ ಹಣೆಯಲ್ಲಿ ಬರೆದಿಲ್ಲವೆಂದು ಆ ಹುಡುಗ ಅಂದೇ ತೀರ್ಮಾನಿಸಿಬಿಟ್ಟ. ಅವನ ಹೆಸರು ಪಾಲ್ ಮೆಕಾರ್ಟ್ನಿ. ಈ ಪ್ರಸಂಗವನ್ನು ಲೋಕಕ್ಕೆಲ್ಲ ನಗುನಗುತ್ತಾ ಹೇಳಿಕೊಂಡು ಬಂದವರೂ ಅವರೇ.

ಅಪ್ಪ ಜಿಮ್ ಹತ್ತಿ ವ್ಯಾಪಾರದ ಕೆಲಸದವರು. ಹಿಂದೊಮ್ಮೆ ಸ್ವಂತ ಜಾಜ್ ತಂಡ ಕಟ್ಟಿದ್ದವರು, ಮನೆಯಲ್ಲಿ ಪಿಯಾನೊ ನುಡಿಸುತ್ತಿದ್ದರು. ಮಗ ‘ಕಲಿಸಿ’ ಎಂದರೆ, ಕಲಿಯುವುದಾದರೆ ಮೇಷ್ಟ್ರ ಬಳಿ ಕ್ರಮವಾಗಿ ಕಲಿ ಎಂದು ಕಳಿಸಿದರು. ಅಲ್ಲಿ ಮನೆಗೆಲಸ ಕೊಟ್ಟರು. ಹುಡುಗ ಅಲ್ಲಿಂದ ಕಾಲ್ತೆಗೆದ. (ಮನೆಗೆಲಸ ಕೊಡುವ ಮೇಷ್ಟ್ರುಗಳು ಇದನ್ನೋದಿ ನೊಂದುಕೊಳ್ಳಬೇಕಾಗಿಲ್ಲ. ಎಲ್ಲ ಓಡಿಹೋದವರೂ ಮೆಕಾರ್ಟ್ನಿ ಆಗುವುದಿಲ್ಲ.) ಸ್ವರಲಿಪಿ ಓದಲು ಅವರಿಗೆ ಕೊನೆಗೂ ಬರಲೇ ಇಲ್ಲ.

ಹುಟ್ಟುಹಬ್ಬಕ್ಕೆ ಅಪ್ಪ ತಂದುಕೊಟ್ಟದ್ದು ತುತ್ತೂರಿ. ಅದನ್ನು ಊದುತ್ತಾ ಹಾಡಲು ಸಾಧ್ಯವಿಲ್ಲವಲ್ಲ! ಅಪ್ಪನ ಒಪ್ಪಿಗೆ ಪಡೆದು ಅದನ್ನು ಅಂಗಡಿಗೆ ಕೊಟ್ಟು, ಬದಲಿಗೆ ‘ಜೆನಿತ್’ ಗಿಟಾರ್ ತಂದ. ಆದರೆ ಎಷ್ಟು ತಿಣುಕಿದರೂ ಅದು ಕೈಗೆ ಹತ್ತದು. ಕಾರಣ ಹೊಳೆದದ್ದು ಸ್ಲಿಮ್ ವಿಟ್‌ಮನ್ ಎಂಬ ಗಾಯಕನ ಚಿತ್ರ ಕಂಡಾಗ. ಆತ ಗಿಟಾರನ್ನು ತಿರುಗುಮುರುಗಾಗಿ ಹಿಡಿದಿದ್ದ. ಅರೆ, ತಾನೂ ಎಡಚನೇ ಅಲ್ಲವೇ!

ಹಾಗೆಂದು ತಿರುಗಿಸಿ ಹಿಡಿದರೆ ಮುಗಿಯುವುದಿಲ್ಲ. ಮೇಲಿರಬೇಕಾದ ದಪ್ಪ ತಂತಿ ಕೆಳಗೆ ಬರುತ್ತದೆ. ತಂತಿಗಳನ್ನು ಅದಲುಬದಲು ಮಾಡೋಣವೆಂದರೆ, ಕತ್ತಿನ ತುದಿಯಲ್ಲಿ ಅವು ಕೂರುವ ಕಚ್ಚುಗಳು ಅಳತೆಗೆ ತಕ್ಕಂತೆ ಕೊರೆದಂಥವು. ದಪ್ಪ ತಂತಿಯ ಅಗಲ ಕಚ್ಚಿನಲ್ಲಿ ತೆಳು ತಂತಿ ಲೊಡಲೊಡ ಅಲ್ಲಾಡುತ್ತದೆ. ಹುಡುಗ ಬೆಂಕಿಕಡ್ಡಿ ಹೆರೆದು ಆ ಕಚ್ಚಿಗೆ ತುಂಬಿದ. ಯಾವ ಪ್ರಯೋಗಶಾಲೆಯೂ ಮೆಚ್ಚುವ ಉಪಾಯ.

ಆ ದಿನಗಳ ಹಿಂದೆ ಒಂದು ದುಃಖವೂ ಇತ್ತು. 1956ರ ಅಕ್ಟೋಬರ್ 31ರಂದು, ದಾದಿಯಾಗಿದ್ದ ತಾಯಿ ಮೇರಿ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು. ಮಗನಿಗೆ ಹದಿನಾಲ್ಕು. ಮನೆಯಲ್ಲಿ ಅಪ್ಪ, ಇಬ್ಬರು ಹುಡುಗರು, ಮತ್ತು ಆಕೆ ಇಲ್ಲದ ಅಡುಗೆಮನೆ. ಅವನು ಕಟ್ಟಿದ ಮೊದಲ ಹಾಡು ಆ ಕಾಲದ್ದು. ಅದು ಕೈಬಿಟ್ಟುಹೋದ ಹುಡುಗಿಯೊಬ್ಬಳ ಕುರಿತ ಹಾಡು. ಅಮ್ಮನ ಹೆಸರು ಅದರಲ್ಲಿಲ್ಲ. ಗಿಟಾರಿನ ಗೀಳು ಹತ್ತಿದ್ದೂ ಆಗಲೇ. ಊರಾಚೆ ಯಾರಿಗೋ ‘ಬಿ-ಸೆವೆನ್ತ್’ ಎಂಬ ಸ್ವರಗುಚ್ಛ ಗೊತ್ತಂತೆ ಎಂಬ ಸುದ್ದಿ ಸಿಕ್ಕರೆ ಸಾಕು, ಗೆಳೆಯರು ಬಸ್ಸು ಹತ್ತಿ ಹೋಗಿ ಅದೊಂದನ್ನು ಕಲಿತು ಬರುತ್ತಿದ್ದರು.

ಬೇಸ್ ಗಿಟಾರ್ ಅವರು ಆರಿಸಿಕೊಂಡದ್ದಲ್ಲ, ತಲೆಗೆ ಕಟ್ಟಿದ್ದು. 1961ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಬೀಟಲ್ಸ್ ತಂಡದ ಬೇಸ್ ವಾದಕ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯ ಓದಿಗೆಂದು ತಂಡ ಬಿಟ್ಟ. ಜಾನ್ ಒಲ್ಲೆ ಎಂದ, ಜಾರ್ಜ್ ಒಲ್ಲೆ ಎಂದ. ಹಿಂದೆ ನಿಲ್ಲುವ ದಪ್ಪ ಹುಡುಗನಿಗೆ ಅಂಟಿಸುವ ವಾದ್ಯ ಅದು ಎಂದು ಆಗಿನ ಭಾವನೆಯಾಗಿತ್ತೆಂದು ಮೆಕಾರ್ಟ್ನಿ ಅವರೇ ಹೇಳಿದ್ದಾರೆ. ನಾಲ್ಕೇ ತಂತಿ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ, ಬೇಸ್‌ನದು 41 ಸಲ, ಸರಿಯಾಗಿ ಒಂದು ಸ್ಥಾಯಿ ಕೆಳಗೆ. ಸಣ್ಣ ರೇಡಿಯೊದಲ್ಲಿ ಅದು ಕೇಳಿಸುವುದೂ ಕಷ್ಟ. ನಿಂತರೆ ಮಾತ್ರ ಹಾಡು ಬುಡ ಕಳಚಿದಂತಾಗುತ್ತದೆ. ನಮ್ಮ ತಂಬೂರಿಯನ್ನು ಯಾರು ಹೊಗಳುತ್ತಾರೆ ಹೇಳಿ?

ಪಿಟೀಲಿನ ಆಕಾರದ ‘ಹಾಫ್ನರ್’ ಬೇಸ್ ಕೊಂಡದ್ದು ಹ್ಯಾಂಬರ್ಗ್‌ನಲ್ಲೇ, ಸುಮಾರು ಮೂವತ್ತು ಪೌಂಡಿಗೆ. ಅಗ್ಗವಾಗಿತ್ತು, ಎರಡೂ ಕಡೆ ಒಂದೇ ಆಕಾರವಿದ್ದುದರಿಂದ ಎಡಚನ ಕೈಯಲ್ಲಿ ವಿಕಾರವಾಗಿ ಕಾಣುತ್ತಿರಲಿಲ್ಲ! ಆಯ್ಕೆಯ ಹಿಂದಿದ್ದ ತರ್ಕ ಇಷ್ಟೇ. ಕ್ರಮೇಣ, ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ವಾದಕ ಜೇಮ್ಸ್ ಜೇಮರ್‌ಸನ್‌ರ ನುಡಿಸಾಣಿಕೆಯನ್ನು ಕಿವಿಗೊಟ್ಟು ಕೇಳಿದ ಮೇಲೆ, ಬೇಸ್ ಎಂದರೆ ಬರೀ ಆಧಾರಸ್ವರವಲ್ಲ, ಹಾಡಿನ ಕೆಳಗೇ ಇನ್ನೊಂದು ಹಾಡು ಹೆಣೆಯಬಹುದು ಎಂಬುದು ಅರಿವಾಯಿತು. ಮುಂದೆ ಅವರ ಬೇಸ್ ಹೆಣೆದದ್ದು ಅಂಥ ಹಾಡುಗಳನ್ನೇ.

ತಮಾಷೆಯೆಂದರೆ, ಜಾರ್ಜ್ ಬರೆದ ‘ಟ್ಯಾಕ್ಸ್‌ಮನ್’ (1966) ಹಾಡಿನ ಆ ಚುರುಕು ಗಿಟಾರ್ ಸೋಲೊ ನುಡಿಸಿದವರು ಜಾರ್ಜ್ ಅಲ್ಲ, ಒಂಬತ್ತು ವರ್ಷದ ಹಿಂದೆ ವೇದಿಕೆಯಲ್ಲಿ ಮುಗ್ಗರಿಸಿದ ಅದೇ ಪಾಲ್.

ಹ್ಯಾಂಬರ್ಗ್‌ನ ಆ ಹಾಫ್ನರ್ 1972ರಲ್ಲಿ ಲಂಡನ್ನಿನಲ್ಲಿ ಒಂದು ವ್ಯಾನಿನಿಂದ ಕಳುವಾಯಿತು. ಅಭಿಮಾನಿಗಳು ಹುಡುಕಾಟಕ್ಕಿಳಿದ ಮೇಲೆ ಅದು ಮನೆಯೊಂದರ ಅಟ್ಟದಲ್ಲಿ ಸಿಕ್ಕಿತು. ಒಡೆಯನ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಹೊರಬಿತ್ತು. ಕತ್ತು ಬಿರುಕು ಬಿಟ್ಟಿತ್ತು, ದುರಸ್ತಿಯಾಯಿತು. ಆ ವರ್ಷ ಡಿಸೆಂಬರ್ 19ರಂದು ಲಂಡನ್ನಿನ ವೇದಿಕೆಯಲ್ಲಿ, ಎಂಬತ್ತೆರಡರ ಮೆಕಾರ್ಟ್ನಿ ಅದನ್ನು ಮತ್ತೆ ಹೆಗಲಿಗೇರಿಸಿ ನುಡಿಸಿದರು. ಬೆರಳುಗಳು ಈ ಸಲ ಕೈಕೊಡಲಿಲ್ಲ.