ಒಂದ ದನಿ ಮ್ಯಾಲೆ ನಿಲ್ಲವಲ್ದು

"ಏರಾಕತ್ತೈತಿ, ಇಳಿಯಾಕತ್ತೈತಿ. ಒಂದ ದನಿ ಮ್ಯಾಲೆ ನಿಲ್ಲವಲ್ದು" ಎಂದ ಅಪ್ಪ, ಫೋನನ್ನು ಎಂಜಿನ್ ಹತ್ತಿರ ಹಿಡಿದು. ನಾನು ಪುಣೆಯ ಆಫೀಸಿನಲ್ಲಿ ಎರಡು ಮೀಟಿಂಗುಗಳ ನಡುವೆ ಇದ್ದೆ. ಹಾವೇರಿ ಕಡೆಯ ನಮ್ಮ ಹೊಲದಿಂದ ಹಳೆಯ ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಆಕ್ಸಿಲರೇಟರ್ ಮುಟ್ಟದಿದ್ದರೂ ವೇಗ ಏರುತ್ತಿತ್ತು, ಇಳಿಯುತ್ತಿತ್ತು.

"ಗಾಳಿ ಪೈಪಿಗೆ ಕೈ ಹಚ್ಚಿದ್ರ ದನಿ ಬದಲಾಗ್ತೈತಿ, ತಮ್ಮಾ" ಎಂದೂ ಹೇಳಿದ. ಕೇಳಿಸಿಕೊಂಡೆ, ಆದರೆ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಜಿನಿನ ವೇಗ ಕಾಯುವುದು ಗವರ್ನರ್. ಜೇಮ್ಸ್ ವ್ಯಾಟ್ 1788ರಲ್ಲಿ ಅದನ್ನು ಉಗಿ ಯಂತ್ರಕ್ಕೆ ಅಳವಡಿಸಿದ. ಅದು ಯಾವಾಗ ಸ್ಥಿರವಾಗಿರುತ್ತದೆ, ಯಾವಾಗ ತೂಗಾಡುತ್ತದೆ ಎಂಬ ಗಣಿತವನ್ನು 1868ರಲ್ಲಿ ಮ್ಯಾಕ್ಸ್‌ವೆಲ್ ಬರೆದ. ಎಂಟೆಕ್ ಓದುವಾಗ ಇದರ ಮೇಲೆ ಪರೀಕ್ಷೆ ಬರೆದು ಪಾಸಾಗಿದ್ದೆ. ಆ ಧೈರ್ಯದಲ್ಲೇ ವಾಟ್ಸ್ಆ್ಯಪಿನಲ್ಲಿ ಪಟ್ಟಿ ಕಳಿಸಿದೆ: ಒಂದು, ಡೀಸೆಲ್ ಫಿಲ್ಟರ್ ಬದಲಿಸು. ಎರಡು, ಲೈನಿನಲ್ಲಿ ಸೇರಿದ ಗಾಳಿ ತೆಗೆಸು. ಮೂರು, ಆಕ್ಸಿಲರೇಟರ್ ಪೂರ್ತಿ ಕೊಟ್ಟು ನೋಡು. ನಾಲ್ಕು, ಪಂಪ್ ಬಿಚ್ಚಿಸು. ಗಾಳಿ ಪೈಪು ಕೊನೆಯಲ್ಲಿತ್ತು.

ಫಿಲ್ಟರ್ ಬದಲಾಯಿತು, ಗಾಳಿ ತೆಗೆದಾಯಿತು. ಪಂಪು ಪೇಟೆಗೆ ಹೋಗಿ ಮೂರು ದಿನ ಕೂತು, "ಏನೂ ದೋಷ ಇಲ್ರಿ" ಎಂಬ ಮಾತಿನ ಜೊತೆ ದೊಡ್ಡ ಬಿಲ್ಲು ಹೊತ್ತು ಬಂತು. ಏರಿಳಿತ ಮಾತ್ರ ಹೋಗಲಿಲ್ಲ. ಅತ್ತ ಹಿಂಗಾರಿ ಕಡಲೆ ಬಿತ್ತುವ ಹದ ಆರುತ್ತಿತ್ತು.

ದಸರೆಗೆ ಊರಿಗೆ ಹೋದೆ. ಪಕ್ಕದ ಹೊಲದ ಕಾಕಾ ಅಗಸಿಯಲ್ಲೇ ತಡೆದ. "ನಿಮ್ಮಪ್ಪ ಅವತ್ತ ಸ್ವಲ್ಪದರಾಗ ಉಳಿದ ನೋಡಪಾ. ಇಂಜಿನ್ ಹುಚ್ಚ ಹಿಡದಂಗ ಹೊಂಟಿತ್ತು. ಸ್ಟಾಪ್ ಎಳದಾನ, ಇಲ್ಲಾಂದ್ರ ಒಡದ ಹೋಗ್ತಿತ್ತು." ಅದು ನನ್ನ ಪಟ್ಟಿಯ ಮೂರನೆಯ ಸಾಲು ಪಾಲಿಸಿದ ದಿನ. ಅಪ್ಪ ನನಗೆ ಹೇಳಿರಲೇ ಇಲ್ಲ.

ಟ್ರ್ಯಾಕ್ಟರಿನ ಮುಂದೆ ಕೂತಾಗಲೇ ಗೊತ್ತಾಗಿದ್ದು, ನಮ್ಮದು ವ್ಯಾಟ್‌ನ ತಿರುಗುವ ಗುಂಡುಗಳ ಗವರ್ನರ್ ಅಲ್ಲ, ಗಾಳಿಯದು. ಎಂಜಿನ್ ಒಳಗೆಳೆಯುವ ಗಾಳಿಯಿಂದ ಹುಟ್ಟುವ ನಿರ್ವಾತ ಒಂದು ಸಣ್ಣ ಪೈಪಿನ ಮೂಲಕ ಪಂಪಿಗೆ ಹೋಗುತ್ತದೆ. ಅಲ್ಲಿ ಚರ್ಮದ ಡಯಾಫ್ರಂ ಇದೆ. ವೇಗ ಏರಿದರೆ ನಿರ್ವಾತ ಹೆಚ್ಚಾಗಿ ಡಯಾಫ್ರಂ ಡೀಸೆಲ್ ತಗ್ಗಿಸುತ್ತದೆ. ವೇಗ ಇಳಿದರೆ ಸ್ಪ್ರಿಂಗ್ ಡೀಸೆಲ್ ಹೆಚ್ಚಿಸುತ್ತದೆ. ಪೈಪು ಸೋರಿದರೆ ನಿರ್ವಾತದ ಸುದ್ದಿ ಪಂಪಿಗೆ ಪೂರ್ತಿ ಮುಟ್ಟುವುದಿಲ್ಲ. ವೇಗ ಕಡಿಮೆಯಾಗಿದೆ ಎಂದೇ ತಿಳಿದು ಅದು ಡೀಸೆಲ್ ಸುರಿಯುತ್ತದೆ.

ಎಂಜಿನ್ ಬಂದ್ ಇದ್ದಾಗ ಮಾಡುವ ಪರೀಕ್ಷೆ ಸುಲಭ. ಪೈಪು ಬಿಚ್ಚಿ, ಸ್ಟಾಪ್ ಲಿವರ್ ಎಳೆದು ಹಿಡಿದು, ಪಂಪಿನ ಗಾಳಿ ಬಾಯನ್ನು ಹೆಬ್ಬೆರಳಿನಿಂದ ಮುಚ್ಚಿ ಲಿವರ್ ಬಿಡಬೇಕು. ಥಟ್ಟನೆ ಮರಳಿದರೆ ಡಯಾಫ್ರಂ ಹೋಗಿದೆ. ನಮ್ಮದು ತಡೆದು ನಿಂತಿತು. ಅಂದರೆ ಉಳಿದದ್ದು ಪೈಪೊಂದೇ. ಬಾಗಿಸಿ ನೋಡಿದರೆ, ಕ್ಲಿಪ್ಪಿನ ಕೆಳಗೆ ಕೂದಲೆಳೆಯಷ್ಟು ಸೀಳು. ಹೊಸ ಪೈಪಿಗೆ ಆದ ಖರ್ಚು ಪಂಪಿನ ಬಿಲ್ಲಿನ ಮುಂದೆ ಏನೂ ಅಲ್ಲ. ಎಂಜಿನ್ ಒಂದೇ ದನಿಯ ಮೇಲೆ ನಿಂತಿತು.

"ಅವತ್ತ ಇಂಜಿನ್ ಓಡಿದ್ದು ಯಾಕ ಹೇಳಲಿಲ್ಲಪಾ?" ಎಂದೆ.

"ನೀ ಗಾಬರಿ ಆಗ್ತಿದ್ದಿ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ಪೈಪಿಂದು ಮೊದಲ ದಿನಾನ ಹೇಳಿದ್ನೆಲ್ಲೊ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆಫೀಸಿನಲ್ಲಿ ಹೊಸ ಹುಡುಗರಿಗೆ ನಾನು ಕಲಿಸುವ ಮೊದಲ ಪಾಠವೇ ಬಳಸುವವನ ಮಾತು ಮೊದಲು ಬರೆದುಕೊಳ್ಳಿ ಎನ್ನುವುದು. ಆ ಸೀಟಿನ ಮೇಲೆ ಮೂವತ್ತು ವರ್ಷ ಕೂತವನ ಮಾತನ್ನು ಮಾತ್ರ ನಾನೇ ಬರೆದುಕೊಂಡಿರಲಿಲ್ಲ.

ಮರುದಿನ ಕಡಲೆ ಬಿತ್ತಿದೆವು. ಈಗಲೂ ಅಪ್ಪ ಫೋನನ್ನು ಎಂಜಿನ್ ಹತ್ತಿರ ಹಿಡಿಯುತ್ತಾನೆ. ನಾನು ಮೊದಲು ಕೇಳುವುದು, "ನಿನಗೇನ ಅನಸ್ತೈತಿ?" ಆಮೇಲೆ ಸುಮ್ಮನಿರುತ್ತೇನೆ.