ಕಾವಲೆಂಬ ಹೆಸರಿನ ಹಿಂದೆ

ಆರ್. ಟಿ. ನಗರಕ್ಕೆ ಹೊಂದಿಕೊಂಡಂತೆ ಕಾವಲ್ ಬೈರಸಂದ್ರವೆಂಬ ಬಡಾವಣೆಯುಂಟು. ಬಸ್ಸಿನ ಫಲಕದ ಮೇಲೆ ಆ ಹೆಸರನ್ನು ನಿತ್ಯವೂ ಓದುವವರಲ್ಲಿ, ಅಲ್ಲಿ ಕಾಯುವಂಥದ್ದು ಏನಿತ್ತೆಂದು ವಿಚಾರಿಸಿದವರು ವಿರಳ. ಇಂದು ಅಲ್ಲಿ ಕಾಣುವುದು ಒತ್ತಾಗಿ ನಿಂತ ಮನೆಗಳು, ಅಂಗಡಿಗಳ ಸಾಲು. ಆದರೆ ‘ಕಾವಲು’ ಎಂದರೆ ಹಳೆಯ ಮೈಸೂರು ಸೀಮೆಯಲ್ಲಿ ದನಕರುಗಳ ಮೇವಿಗೆಂದು ಮೀಸಲಿಟ್ಟು ಕಾಯ್ದ ಹುಲ್ಲುಗಾವಲು, ಕುರುಚಲು ಕಾಡು.

ಇಂಗ್ಲಿಷಿನಲ್ಲಿಯೂ ಇಂತಹ ಹಳೆಯ ಮಾತುಗಳಿವೆ. ಮರಗಳ ತೋಪಿಗೆ ಅವರು ಒಂದು ಕಾಲದಲ್ಲಿ ‘ಹೋಲ್ಟ್’ ಎನ್ನುತ್ತಿದ್ದರು. ಈಗ ಅದು ಆಡುಮಾತಿನಿಂದ ಬಹುಮಟ್ಟಿಗೆ ಮರೆಯಾಗಿದೆ; ನಾರ್ಫಕ್ ಪ್ರಾಂತದ ಹೋಲ್ಟ್ ಪಟ್ಟಣದಂತಹ ಊರ ಹೆಸರುಗಳಲ್ಲಿ ಮಾತ್ರ ನೆಲೆ ನಿಂತಿದೆ. ನಮಗೆಲ್ಲ ಪರಿಚಿತವಾದ ‘ಫಾರೆಸ್ಟ್’ ಎಂಬ ಮಾತಿಗೂ ಮೊದಲಿದ್ದ ಅರ್ಥ ಬೇರೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ಅರಸರು ತಮ್ಮ ಬೇಟೆಗೆಂದು ಮೀಸಲಿರಿಸಿದ ನೆಲವೆಲ್ಲ ಫಾರೆಸ್ಟ್ ಆಗಿತ್ತು. ಅಲ್ಲಿ ಮರಗಳಿಲ್ಲದ ಬಯಲೂ ಸೇರಿರುತ್ತಿತ್ತು. ಹೋಲ್ಟ್ ಎಂಬುದು ಮರಗಳನ್ನು ಹೇಳಿದರೆ, ಫಾರೆಸ್ಟ್ ಎಂಬುದು ಕಟ್ಟಳೆಯನ್ನು ಹೇಳಿತು. ನಮ್ಮ ಕಾವಲು ಈ ಎರಡನೆಯದಕ್ಕೆ ಹತ್ತಿರ. ವ್ಯತ್ಯಾಸವಿಷ್ಟೆ: ಅಲ್ಲಿ ಕಾದದ್ದು ಅರಸನ ಬೇಟೆಗಾಗಿ, ಇಲ್ಲಿ ದನಗಳ ಮೇವಿಗಾಗಿ.

ಚಿಕ್ಕದೇವರಾಜ ಒಡೆಯರು (1673–1704) ಅರಮನೆಯ ದನಗಳಿಗೆ ‘ಬೆಣ್ಣೆ ಚಾವಡಿ’ ಎಂಬ ಇಲಾಖೆಯನ್ನು ಏರ್ಪಡಿಸಿದರು. ಟೀಪೂ ಸುಲ್ತಾನನ ಕಾಲದಲ್ಲಿ ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರಾಯಿತು. ಅದರ ಕಾವಲುಗಳಲ್ಲಿ ಬೇಸಗೆ, ಮಳೆ, ಚಳಿಗಾಲಗಳಿಗೆ ಬೇರೆಬೇರೆ ನೆಲಗಳಿದ್ದವು. ಕೆರೆಯೋ ಹೊಳೆಯೋ ಸಮೀಪವಿದ್ದು, ನಡುಹಗಲಿನಲ್ಲಿ ದನಗಳು ನಿಲ್ಲಲು ಮರದ ನೆರಳಿದ್ದ ನೆಲವನ್ನೇ ಬೇಸಗೆಗೆ ಆರಿಸುತ್ತಿದ್ದರು. ಒಂದು ನೆಲ ಮೇವು ಕೊಡುವಾಗ ಮತ್ತೊಂದು ಚಿಗುರುತ್ತಿತ್ತು. ಎಲ್ಲ ಕಾವಲುಗಳೂ ಅರಮನೆಯ ಆ ಇಲಾಖೆಗೇ ಸೇರಿದವಲ್ಲ. ಆದರೆ ನೆಲಕ್ಕೆ ಬಿಡುವು ಬೇಕೆಂಬ ತಿಳಿವಳಿಕೆ ಆ ಒಂದು ಮಾತಿನಲ್ಲಿಯೇ ಅಡಗಿತ್ತು.

ಹೆಬ್ಬಾಳವನ್ನು ದಾಟಿ ಯಲಹಂಕಕ್ಕೆ ಬಂದರೆ ಈ ಮಾತು ಇನ್ನೂ ಪೂರ್ತಿ ಬರಿದಾಗಿಲ್ಲವೆಂಬ ಸಮಾಧಾನ ದೊರೆಯುತ್ತದೆ. ಅಲ್ಲಿ ಜಾರಕಬಂಡೆ ಕಾವಲು ಮೀಸಲು ಅರಣ್ಯವಾಗಿ ಉಳಿದಿದೆ. ಸುತ್ತಲೂ ಬಡಾವಣೆಗಳು ಬೆಳೆದು ನಿಂತಿರುವಾಗ, ಆ ಹಸುರು ಕಣ್ಣಿಗೆ ಎಷ್ಟು ಹಿತವೆಂಬುದನ್ನು ನೋಡಿದವರೇ ಬಲ್ಲರು. ಜನ ಅದನ್ನು ಮೊಟಕಾಗಿ ‘ಜೆ. ಬಿ. ಕಾವಲ್’ ಎನ್ನುವುದುಂಟು. ಬಂಡೆ ಎರಡಕ್ಷರದಲ್ಲಿ ಅಡಗಿಹೋಯಿತು. ಕಾವಲು ಮಾತ್ರ ಉಳಿಯಿತು.

ಮರವಿಲ್ಲದ ನೆಲವನ್ನು ಕಂಡೊಡನೆ ‘ಖಾಲಿ ಜಾಗ’ ಎನ್ನುವುದು ಇಂದಿನ ನಮ್ಮ ರೂಢಿ. ಖಾಲಿಯೆಂದ ಮೇಲೆ ಅದನ್ನು ತುಂಬುವ ಆತುರ ಹುಟ್ಟುವುದು ಸಹಜವೇ. ಅದೇ ನೆಲವನ್ನು ಕಾವಲೆಂದು ಕರೆದ ಹಿರಿಯರಿಗೆ ಅಲ್ಲಿ ಹುಲ್ಲು, ನೀರು, ನೆರಳು, ಬರಲಿರುವ ಬೇಸಗೆ ಎಲ್ಲವೂ ಕಾಣುತ್ತಿದ್ದವು. ಯಲಹಂಕದ ಕಡೆಗೆ ಹೋಗುವ ವಾಚಕರು ಒಂದು ಭಾನುವಾರ ಮಕ್ಕಳಿಗೆ ಆ ಹಸುರನ್ನು ತೋರಿಸಿ, ಹೆಸರಿನ ಅರ್ಥವನ್ನೂ ಹೇಳಲಿ. ಕಾಯುವ ಕೆಲಸ ಮುಂದೆ ಅವರದೇ ಅಲ್ಲವೆ?