ಹಳೆಯ ಮೋಟಾರು ನಾವೆಯನ್ನರಸಿ

ಧನಕವಡಿಗೂ ಮೋಟಾರು ನಾವೆಗೂ ಏನು ನಂಟು ಎಂದು ವಾಚಕರು ಹುಬ್ಬೇರಿಸಬಹುದು. ಪುಣೆಯ ದಕ್ಷಿಣದ ಅಂಚಿನಲ್ಲಿ, ಸಾತಾರಾ ರಸ್ತೆಯ ಪಕ್ಕದಲ್ಲಿ, ಮನೆಗಳು ಒಂದರ ಹೆಗಲಿಗೊಂದು ಆತು ನಿಂತಿರುವ ಬಡಾವಣೆ ನಮ್ಮದು. ಸಮುದ್ರಕ್ಕೂ ನಮಗೂ ನಡುವೆ ಇಡೀ ಸಹ್ಯಾದ್ರಿ ಅಡ್ಡ ಮಲಗಿದೆ. ಹತ್ತಿರದ ನೀರೆಂದರೆ ಕಾತ್ರಜದ ಕೆರೆ. ಹದಿನೆಂಟನೆಯ ಶತಮಾನದಲ್ಲಿ ನಾನಾಸಾಹೇಬ ಪೇಶವೆಯ ಕಾಲಕ್ಕೆ ಅದನ್ನು ಕಟ್ಟಿಸಿ, ಅಲ್ಲಿಂದ ನೆಲದಡಿಯ ಕಾಲುವೆಗಳಲ್ಲಿ ಶನಿವಾರವಾಡೆಯವರೆಗೆ ನೀರೊಯ್ದಿದ್ದರು. ನೋಡುವುದಕ್ಕೆ ಚೆಂದ, ನಾವೆಗೆ ಸಾಲದು.

ಆದರೂ ಕಳೆದ ಚಳಿಗಾಲದಲ್ಲಿ ಇಲ್ಲಿನ ಮೂರು ಕನ್ನಡ ಮನೆಗಳವರು ಸೇರಿ, ಉಳಿತಾಯದಲ್ಲಿ ಪಾಲು ಹಾಕಿ, ಹಳೆಯದೊಂದು ಮೋಟಾರು ನಾವೆಯನ್ನು ಕೊಳ್ಳುವುದೆಂದು ಮಾತಾಯಿತು. ಹೊಳೆಯಲ್ಲೂ ಹೋಗಬೇಕು, ದಂಡೆ ಹಿಡಿದು ಕಡಲಲ್ಲೂ ಸಾಗಬೇಕು, ರಾತ್ರಿ ನಾಲ್ಕು ಜನ ಮಲಗಬೇಕು, ಒಂದು ಒಲೆ ಇರಬೇಕು. ಈ ಆಸೆಯ ಬೇರು ನಮ್ಮ ಕುಮಟೆಯ ಮಾವನವರಲ್ಲಿ. ಅವರಿಗೀಗ 74. ಹುಡುಗರಾಗಿದ್ದಾಗ ಅಘನಾಶಿನಿಯ ಅಳಿವೆಯಲ್ಲಿ ಮಚವೆಯೇರಿ ತದಡಿಗೆ ದಾಟಿದವರು. ನಂತರದ ಐವತ್ತು ವರ್ಷ ಪುಣೆಯ ಕಾರಖಾನೆಗಳಲ್ಲಿ ಯಂತ್ರಗಳ ನಡುವೆ ಕಳೆದರು. "ಆ ಅಳಿವೆಯೊಳಗೆ ಕಡಲ ಕಡೆಯಿಂದ ಒಮ್ಮೆ ಹೋಗಬೇಕು ಮಾರಾಯ, ರಸ್ತೆಯಿಂದ ನೋಡಿ ಸಾಕಾಯಿತು" ಎನ್ನುತ್ತಿದ್ದರು. ಎರಡನೆಯ ಮನೆ ಧಾರವಾಡದ ರಾಯರದು. ಲೆಕ್ಕದಲ್ಲಿ ಪಳಗಿದವರು, ಈಜು ಬಾರದವರು. ಮೂರನೆಯವರು ಸಾಗರದ ಅತ್ತಿಗೆ. ಎರಡು ಮಕ್ಕಳ ತಾಯಿ. ಮೂವರೂ ಒಪ್ಪದೆ ಒಂದು ಪೈಸೆಯೂ ಹೊರಡಕೂಡದೆಂದು ಮೊದಲೇ ನಿಶ್ಚಯವಾಗಿತ್ತು.

ಮೊದಲು ಖಡಕ್‌ವಾಸಲಾಕ್ಕೆ ಹೋಗಿಬಂದೆವು. ಮನೆಯಿಂದ 15 ಕಿಲೋಮೀಟರಿನ ಆಸುಪಾಸು. ಕನ್ನಡಿಗರಿಗೆ ಆ ಅಣೆಕಟ್ಟು ಒಂದು ಸಣ್ಣ ಯಾತ್ರಾಸ್ಥಳವೇ ಸರಿ. ಪುಣೆಯಲ್ಲಿಯೇ ಇಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತದ ಸೇವೆಗೆ ಸೇರಿದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ತಾವು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಮೊದಲು ಹೂಡಿದ್ದು ಇಲ್ಲಿ. ಪಾನಶೇತದ ಕಟ್ಟೆ 1961ರ ಜುಲೈ 12ರಂದು ಒಡೆದಾಗ, ಆ ನೀರಿನ ಹೊಡೆತಕ್ಕೆ ಇದೂ ಒಡೆದು ಪುಣೆಗೆ ಪ್ರಳಯ ಬಂದಿತು, ಮತ್ತೆ ಕಟ್ಟಿದರು. ವಿಶಾಲವಾದ ನೀರು ಕಂಡು ಮಕ್ಕಳು ಕುಣಿದಾಡಿದರು. ಆದರೆ ಅದು ಊರಿಗೆ ಕುಡಿಯಲು ಒದಗುವ ನೀರು. ಇಲಾಖೆಯ ಅನುಮತಿಯಿಲ್ಲದೆ ನಮ್ಮಂಥವರು ಅದರಲ್ಲಿ ಯಂತ್ರದ ನಾವೆಯನ್ನು ಇಳಿಸುವಂತಿಲ್ಲ. ಜೊತೆಗೆ ಒಂದು ದಡ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯದು. "ಇಲ್ಲಿ ದೋಣಿ ಇಟ್ಟರೆ ಕಟ್ಟೆಯ ಮೇಲೆ ಕೂತು ಜೋಳ ತಿನಕೋತ ಅದನ್ನ ನೋಡಬೇಕಷ್ಟ" ಎಂದರು ರಾಯರು. ಹೀಗೆ ನಮ್ಮ ನೀರು ಘಟ್ಟದ ಕೆಳಗಿನದೇ ಎಂದು ತೀರ್ಮಾನವಾಯಿತು.

ಒಳನಾಡೂ ಕರಾವಳಿಯೂ ಒಂದೇ ಪ್ರವಾಸದಲ್ಲಿ ಸಿಕ್ಕುವ ಜಾಗಗಳು ನಮ್ಮ ಕಡೆ ಕಡಿಮೆಯೇನಿಲ್ಲ. ಗೋವೆಯಲ್ಲಿ ಮಾಂಡವಿ, ಜುವಾರಿ ನದಿಗಳಿವೆ. ಅವೆರಡನ್ನೂ ಕುಂಭಾರಜುವೆಯ ಕಾಲುವೆ ಒಳಗಿನಿಂದಲೇ ಜೋಡಿಸುತ್ತದೆ. ಕಾರವಾರದಲ್ಲಿ ಕಾಳಿ, ಹೊನ್ನಾವರದಲ್ಲಿ ಶರಾವತಿ. ದೇಶದ 111 ಜಲಮಾರ್ಗಗಳನ್ನು ರಾಷ್ಟ್ರೀಯವೆಂದು ಗುರುತಿಸಿದ 2016ರ ಕಾಯ್ದೆಯಲ್ಲಿ ಇವೂ ಸೇರಿವೆ. ಆದರೆ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನೀರು ಆಳವಾಗುವುದಿಲ್ಲ. ಶರಾವತಿಯ ಬಾಯಲ್ಲಿ ಮರಳಿನ ದಿಬ್ಬ ವರ್ಷಕ್ಕೊಂದು ಜಾಗ ಹಿಡಿಯುತ್ತದೆ. ಅಲ್ಲಿನ ಮೀನುಗಾರರಿಗೇ ಅದು ತಲೆನೋವು. ಕಾಳಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಹೊಳೆಗೆ ಕುಸಿಯಿತು. ಅಂಥಲ್ಲಿ ಯಾವ ಕಂಬಗಳ ನಡುವೆ ದಾರಿ ನಿರ್ಬಾಧ ಎಂಬುದನ್ನು ಊರ ತಾಂಡೇಲರನ್ನೇ ಕೇಳಿ ತಿಳಿಯಬೇಕು, ನಕ್ಷೆ ಹೇಳಲಾರದು.

ಆದ್ದರಿಂದ ನಾವೆ ನೋಡುವ ಮೊದಲು ಮಾವನವರು ಎರಡು ಅಳತೆಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡರು: ನೀರಿನೊಳಗೆ ನಾವೆ ಎಷ್ಟು ಮುಳುಗುತ್ತದೆ, ನೀರಿನ ಮೇಲೆ ಎಷ್ಟು ಏಳುತ್ತದೆ. ಮೊದಲನೆಯದು ಮೂರು ಅಡಿಗೆ ಮಿಕ್ಕಿದರೆ ಅಳಿವೆಗಳು ಕಷ್ಟ. ಎರಡನೆಯದು ಹೆಚ್ಚಾದರೆ ಸೇತುವೆಗಳು ಕಷ್ಟ. ಮುಂಬಯಿಯಲ್ಲಿ ದೊಡ್ಡ ಭರತದ ದಿನ ನೀರು ನಾಲ್ಕು ಮೀಟರಿಗೂ ಮಿಕ್ಕಿ ಏರಿಳಿಯುತ್ತದೆ. ಕಾರವಾರದಲ್ಲಿ ಎರಡು ಮೀಟರಿನ ಆಸುಪಾಸು. ಅಲ್ಲಿ ತಪ್ಪಿ ಮರಳೇರಿದ ನಾವೆಯನ್ನು ಮುಂದಿನ ಭರತ ಎತ್ತಿಕೊಡುತ್ತದೆಂದು ಧೈರ್ಯವಾಗಿ ಕೂರುವ ಹಾಗಿಲ್ಲ.

ಗೋವೆಯಲ್ಲಿ ಮೊದಲ ನಾವೆಯನ್ನು ಕಂಡೆವು. ಮಾಂಡವಿಯ ದಕ್ಕೆಗೆ ಕಟ್ಟಿದ್ದ 32 ಅಡಿಯ ಬೆಳ್ಳನೆಯ ಫೈಬರ್ ನಾವೆ. ಒಳಗೆ ಹೊಸ ಮೆತ್ತೆ, ಹೊಸ ಪರದೆ, ಹಿತ್ತಾಳೆಯ ಗಡಿಯಾರ, ಎರಡು ದೊಡ್ಡ ಪೆಟ್ರೋಲ್ ಯಂತ್ರಗಳು. ಮಾರುವವರು ಸಭ್ಯರು, ನಮಗೆಲ್ಲ ಎಳನೀರು ತರಿಸಿಕೊಟ್ಟರು. ನಮ್ಮ ಮನಸ್ಸು ಅರ್ಧ ಅಲ್ಲೇ ಜಾರಿತ್ತು. ಮಾವನವರು ಮಾತ್ರ ಎಳನೀರು ಕೆಳಗಿಟ್ಟು ನೇರವಾಗಿ ಯಂತ್ರದ ಕೋಣೆಗಿಳಿದು ಯಂತ್ರದ ಮೇಲೆ ಅಂಗೈ ಇಟ್ಟರು. ಬೆಚ್ಚಗಿತ್ತು. ನಾವು ಬರುವ ಮೊದಲೇ ಅದನ್ನು ಓಡಿಸಿ ಕಾಯಿಸಿಟ್ಟಿದ್ದರೆಂದಾಯಿತು. ಹಳೆಯ ಯಂತ್ರದ ಗುಣ ತಿಳಿಯುವುದು ಅದು ತಣ್ಣಗಿದ್ದಾಗ ಹೊತ್ತಿಕೊಳ್ಳುವ ರೀತಿಯಿಂದ. "ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿಯವರೆಗೆ ಮುಟ್ಟಬೇಡಿ" ಎಂದು ಕೈಮುಗಿದು ಬಂದರು.

ಮರುದಿನ ಯಂತ್ರ ನಾಲ್ಕನೆಯ ಪ್ರಯತ್ನಕ್ಕೆ ಎದ್ದಿತು, ನೀಲಿ ಹೊಗೆಯೊಂದಿಗೆ. ನೀಲಿಯೆಂದರೆ ಎಣ್ಣೆ ಸುಡುತ್ತಿದೆ. ಕರಿ ಹೊಗೆಯೆಂದರೆ ಇಂಧನ ಹೆಚ್ಚಾಗಿದೆ, ಗಾಳಿ ಸಾಲದಾಗಿದೆ, ಇಲ್ಲವೆ ಹೊರೆ ಮಿಕ್ಕಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಎಣ್ಣೆಯಳೆಯುವ ಕಡ್ಡಿಯನ್ನು ಎಳೆದು ನೋಡಿದಾಗ ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರಂತೂ ಮಾತೇ ಬೇಡ. ಇಲ್ಲಿ ಹಾಗಿರಲಿಲ್ಲ, ನಿಜ. ಆದರೆ ಮುಂದಿನ ಅಟ್ಟದ ಮೇಲೆ ಮಾವನವರು ಚಮಚದ ಹಿಡಿಯಿಂದ ಗೇಣು ಗೇಣಿಗೆ ತಟ್ಟುತ್ತ ಹೋದರು. ಟಣ್ ಟಣ್ ಎನ್ನುತ್ತಿದ್ದ ದನಿ ಒಂದು ಕಡೆ ದಬ್ ಎಂದು ಸತ್ತಿತು. ಅಲ್ಲಿ ಕಾಲಿಟ್ಟರೆ ನೆಲ ಮೆಲ್ಲನೆ ಕುಗ್ಗುತ್ತಿತ್ತು. ಫೈಬರಿನ ಪದರಗಳ ನಡುವೆ ಹೂಡಿದ ಮರ ನೀರು ಕುಡಿದು ಕೊಳೆತಿದೆಯೆಂಬ ಗುರುತು ಅದು. ಅಡಿಯ ಹೊಟ್ಟೆಗೆ ಮಾತ್ರ ಹೊಚ್ಚಹೊಸ ಬಣ್ಣ. ಮಾರುವ ಮುನ್ನ ಯಾರಿಗೂ ಕಾಣದ ಜಾಗಕ್ಕೆ ಬಣ್ಣ ಬಳಿಯುವುದೇಕೆ, ನೀವೇ ಹೇಳಿ.

ರಾಯರು ಬೇರೆಯೇ ಲೆಕ್ಕ ಹಾಕುತ್ತಿದ್ದರು. ಎರಡು ಯಂತ್ರ ಸೇರಿ 300 ಕುದುರೆಶಕ್ತಿ. ಪೂರ್ತಿ ಓಡಿಸಿದರೆ ಗಂಟೆಗೆ 100 ಲೀಟರಿನಷ್ಟು ಪೆಟ್ರೋಲು. "ಏನ್ರೀ, ಇದು ದೋಣಿನೋ, ಪೆಟ್ರೋಲ್ ಬಂಕೋ?" ಎಂದರು. ಖರ್ಚಿಗಿಂತ ನಮಗೆ ಹೆದರಿಕೆಯಾದದ್ದು ಇನ್ನೊಂದಕ್ಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹಾರಿ ಹೋಗದೆ ನಾವೆಯ ಹೊಟ್ಟೆಯಲ್ಲಿ ಕೆರೆಯಂತೆ ನಿಂತು, ಒಂದು ಕಿಡಿಗಾಗಿ ಕಾಯುತ್ತದೆ. ಅಡಿಗೆಯ ಸಿಲಿಂಡರಿನ ಗ್ಯಾಸೂ ಹಾಗೆಯೇ. ಈ ನಾವೆಯಲ್ಲಿ ಸಿಲಿಂಡರು ಮೆಟ್ಟಿಲ ಕೆಳಗಿತ್ತು. ಸಾಗರದ ಅತ್ತಿಗೆ ಅಷ್ಟು ಹೊತ್ತು ಸುಮ್ಮನಿದ್ದವರು ಒಂದೇ ಪ್ರಶ್ನೆ ಕೇಳಿದರು: "ಒಲೆ ಹೊತ್ತಿಕೊಂಡರೆ ಮುಂದಿನ ಕೋಣೆಯಲ್ಲಿ ಮಲಗಿದ ಮಕ್ಕಳು ಯಾವ ಕಡೆಯಿಂದ ಹೊರಗೆ ಬರಬೇಕು?" ಮುಂದಿನ ಕೋಣೆಗೆ ಮೇಲೊಂದು ಕಿಂಡಿಯಿತ್ತು, ಅದರ ಚಿಲಕ ತುಕ್ಕು ಹಿಡಿದು ಅಲುಗಲಿಲ್ಲ. ಆ ನಾವೆಯ ಮಾತು ಅಲ್ಲಿಗೇ ಮುಗಿಯಿತು. ಎಳನೀರಿಗೆ ಕೃತಜ್ಞತೆ ಹೇಳಿ ಹೊರಟೆವು.

ಎರಡನೆಯದನ್ನು ಕಂಡದ್ದು ಕಾರವಾರದಲ್ಲಿ, ಕಾಳಿಯ ದಡದಲ್ಲಿ. 26 ಅಡಿ. ಬಣ್ಣ ಅಡಿಗೆಮನೆಯ ಡಬ್ಬಿಯ ನೀಲಿ, ಅಲ್ಲಲ್ಲಿ ಸುಲಿದಿತ್ತು. ಒಂದೇ ಡೀಸೆಲ್ ಯಂತ್ರ, 40 ಕುದುರೆಶಕ್ತಿ. ಹಿಂದೆ ತೆರೆದ ಅಟ್ಟ, ಮುಂದೆ ಎರಡು ದಾರಿಯುಳ್ಳ ಕೋಣೆ. ಮುಳುಗುವುದು ಎರಡೂವರೆ ಅಡಿ. ಮಕ್ಕಳ ಮುಖ ಸಪ್ಪಗಾಯಿತು. ಈ ಬಗೆಯ ನಾವೆ ನೀರನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಅದರ ಮೇಲೆ ಎದ್ದು ಹಾರುವುದಿಲ್ಲ. ಅದರ ವೇಗವನ್ನು ಅದರ ಉದ್ದವೇ ಕಟ್ಟಿಹಾಕುತ್ತದೆ. ನೀರಿಗೆ ತಾಗಿದ ಉದ್ದ 25 ಅಡಿಯಿದ್ದರೆ ಗಂಟೆಗೆ ಆರೂಮುಕ್ಕಾಲು ನಾಟ್, ಎಂದರೆ ಸುಮಾರು 12 ಕಿಲೋಮೀಟರು. ಎಷ್ಟು ಯಂತ್ರ ತುರುಕಿದರೂ ಅಲೆ ದೊಡ್ಡದಾದೀತು, ದಾರಿ ಬೇಗ ಸವೆಯದು. ಅದೇ ಇದರ ಸೊಗಸೂ ಹೌದು: ಗಂಟೆಗೆ ಐದಾರು ಲೀಟರ್ ಡೀಸೆಲ್ ಸಾಕು. ಕಾರವಾರದಿಂದ ತದಡಿಗೆ ಕಡಲ ದಾರಿ 40 ಕಿಲೋಮೀಟರಿಗೆ ಸ್ವಲ್ಪ ಮಿಕ್ಕು. ಬೆಳಿಗ್ಗೆ ಹೊರಟರೆ ನಾಲ್ಕು ಗಂಟೆಯೊಳಗೆ, ಏರುವ ನೀರಿನಲ್ಲಿ ಅಳಿವೆ ಹೊಗಬಹುದು. ಮಾವನವರು ಈ ಲೆಕ್ಕವನ್ನು ಎರಡು ಸಲ ಮಾಡಿದರು. ಎರಡನೆಯ ಸಲ ಬೇಕಿರಲಿಲ್ಲ.

ದೋಷಗಳಿರಲಿಲ್ಲವೆಂದಲ್ಲ. ನೀರು ಇಳಿದಾಗ ಕೆಸರಿಗಿಳಿದು ನೋಡಿದೆವು. ಪಂಖದ ದಂಡವನ್ನು ಹಿಡಿದು ಅಲುಗಿಸಿದರೆ ಒಳಗಿನ ಬೇರಿಂಗು ಸವೆದದ್ದು ಕೈಗೇ ಗೊತ್ತಾಗುತ್ತಿತ್ತು. ಇನ್ನೊಂದು ಸಂಗತಿ ನಮಗೆ ಹೊಸದು. ನೀರಿನಲ್ಲಿ ಬೇರೆ ಬೇರೆ ಲೋಹಗಳು ಒಟ್ಟಿಗಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಅದಕ್ಕಾಗಿ ಪಂಖದ ಹತ್ತಿರ ತಿನ್ನಿಸಿಕೊಳ್ಳಲೆಂದೇ ಒಂದು ಮೆದು ಲೋಹದ ಗಟ್ಟಿಯನ್ನು ಬಿಗಿದಿರುತ್ತಾರೆ. ಉಪ್ಪುನೀರಿಗೆ ಸತುವು, ಸಿಹಿನೀರಿಗೆ ಮೆಗ್ನೀಷಿಯಂ, ಎರಡೂ ಬೆರೆಯುವ ಅಳಿವೆಗೆ ಅಲ್ಯೂಮಿನಿಯಂ ಒಳ್ಳೆಯದು. ಈ ನಾವೆ ಹಿಂದೆ ಒಂದು ಜಲಾಶಯದ ಹಿನ್ನೀರಿನಲ್ಲಿತ್ತಂತೆ. ಅಲ್ಲಿನ ಮೆಗ್ನೀಷಿಯಂ ಗಟ್ಟಿಯೊಂದಿಗೇ ಕಡಲಿಗೆ ಬಂದು, ಅದು ಸಕ್ಕರೆಯಂತೆ ಕರಗಿಹೋಗಿ, ಬೋಳು ಬೋಲ್ಟು ಮಾತ್ರ ಉಳಿದಿತ್ತು. ಪಂಖದ ಅಂಚಿಗೆ ಗುಲಾಬಿ ಛಾಯೆ ಬಂದಿತ್ತು. ಹಿತ್ತಾಳೆಯೊಳಗಿನ ಸತುವು ಹೊರಟುಹೋಗಿದೆಯೆಂದೇ ಇದರರ್ಥ. ಅದನ್ನು ಬದಲಿಸಲೇಬೇಕು. ಹೊಳೆಗೂ ಕಡಲಿಗೂ ಒಂದೇ ನಾವೆ ಬೇಕೆನ್ನುವವರು ಈ ಸಣ್ಣ ಗಟ್ಟಿಯನ್ನು ಮರೆಯಬಾರದು.

ಯಂತ್ರ ತಣ್ಣಗಿತ್ತು, ಎರಡನೆಯ ಸುತ್ತಿಗೆ ಎದ್ದಿತು. ಹೊಳೆಯಲ್ಲಿ ಮೇಲಕ್ಕೆ ಒಂದು ಗಂಟೆ, ಅದರಲ್ಲಿ ಕಾಲು ಗಂಟೆ ಪೂರ್ತಿ ವೇಗದಲ್ಲಿ ಓಡಿಸಿ, ಶಾಖದ ಮುಳ್ಳು ಏರುವುದೇ ಎಂದು ಕಾದೆವು. ಏರಲಿಲ್ಲ. ಎರಡೂ ದಡದ ತೆಂಗು ಹಿಂದೆ ಸರಿಯಿತು, ಘಟ್ಟದ ಹಸುರು ಹತ್ತಿರವಾಯಿತು. ಈಜು ಬಾರದ ರಾಯರು ಜಾಕೀಟು ಬಿಗಿದುಕೊಂಡು ಕಂಬ ಹಿಡಿದು ನಿಂತವರು, ತಿರುಗಿ ಬರುವಾಗ ಕಂಬ ಬಿಟ್ಟಿದ್ದರು.

ಕಾರವಾರದ ಮುಂದೆಯೇ ಕೂರ್ಮಗಡ ದ್ವೀಪವಿದೆ. ಅಲ್ಲಿನ ನರಸಿಂಹ ದೇವರ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿಯೊಂದು 2019ರ ಜನವರಿ 21ರಂದು ಮಗುಚಿ 16 ಜನ ತೀರಿಕೊಂಡರು. ಅಳತೆ ಮೀರಿ ಜನ ಹತ್ತಿದ್ದರು. ಮುಂಬಯಿಯಿಂದ ರೇವಸಕ್ಕೆ ಹೊರಟ 'ರಾಮದಾಸ' ಹಡಗು 1947ರ ಜುಲೈ 17ರಂದು ಮುಳುಗಿದಾಗ ಸತ್ತವರು ಆರು ನೂರಕ್ಕೂ ಹೆಚ್ಚು, ಅದು ಮಳೆಗಾಲ. ಈ ಎರಡನ್ನೂ ಮಾವನವರು ದಕ್ಕೆಯ ಮೇಲೆ ಕೂತು ಮಕ್ಕಳಿಗೆ ಹೇಳಿದರು. ಅತ್ತಿಗೆ ತಡೆಯಲಿಲ್ಲ. ನಾವೆಯಲ್ಲಿ ಎಂಟಕ್ಕಿಂತ ಹೆಚ್ಚು ಜನ ಕೂಡದು, ಜೂನಿನಿಂದ ಸೆಪ್ಟೆಂಬರಿನವರೆಗೆ ನೀರಿಗಿಳಿಸಕೂಡದು ಎಂಬ ಎರಡು ಕಟ್ಟಳೆಗಳು ಅಲ್ಲೇ ಆದವು.

ಉಳಿದದ್ದು ಹಣದ ಮಾತು. ನಾವಿರುವುದು ಧನಕವಡಿಯಲ್ಲಿ, ನಾವೆಯಿರುವುದು ಕಾಳಿಯಲ್ಲಿ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಅಲ್ಲಿ. ಕಾಯುವವರಿಲ್ಲದ ನಾವೆ ಮಳೆನೀರಿಗೇ ಮುಳುಗೀತು. ಕಾಯುವವರ ಸಂಬಳ, ವರ್ಷಕ್ಕೊಮ್ಮೆ ದಡಕ್ಕೆ ಎಳೆಸಿ ಅಡಿ ಕೆರೆದು ಬಣ್ಣ ಬಳಿಯುವುದು, ವಿಮೆ ಎಲ್ಲ ಸೇರಿ ಬೆಲೆಯ ಹತ್ತರಲ್ಲೊಂದು ಪಾಲು ವರ್ಷವರ್ಷವೂ ಬೇಕೆಂಬುದು ದೋಣಿಯವರ ರೂಢಿಯ ಲೆಕ್ಕ. ರಾಯರು ಅದನ್ನು ಮೂರು ಮನೆಗೆ ಹಂಚಿ, ಹುಡುಗರ ಶಾಲೆಯ ಶುಲ್ಕದ ಪಕ್ಕದಲ್ಲಿ ಬರೆದಿಟ್ಟು, ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, ಹೊಸ ಪಂಖ, ಬೇರಿಂಗುಗಳ ಖರ್ಚನ್ನು ಬೆಲೆಯಲ್ಲಿ ಕಳೆದರೆ ತಮ್ಮ ಒಪ್ಪಿಗೆಯಿದೆಯೆಂದರು. ಕಾಗದಪತ್ರಗಳನ್ನೂ ಅವರೇ ನೋಡಿದರು. ಒಳನಾಡಿನ ನಾವೆಗಳಿಗೆ 1917ರ ಹಳೆಯ ಕಾಯ್ದೆ ಹೋಗಿ 2021ರ ಹೊಸ ಕಾಯ್ದೆ ಬಂದಿದೆ. ನೋಂದಣಿ ಮತ್ತು ತಪಾಸಣೆಯ ಪತ್ರಗಳು, ಕಡಲಿಗಿಳಿಯಲು ಬಂದರಿನವರ ಅನುಮತಿ, ನಾವೆಯ ಮೇಲೆ ಸಾಲವಿಲ್ಲವೆಂಬುದಕ್ಕೆ ಆಧಾರ, ಇಷ್ಟೂ ಕೈಗೆ ಬಂದ ಮೇಲೆಯೇ ಮುಂಗಡ.

ಮಾರುವವರು ಬೆಲೆ ಇಳಿಸಿದ್ದಾರೆ, ನಾವು ಕೇಳಿದಷ್ಟಲ್ಲ. ಮಳೆ ಕಳೆದು ಅಕ್ಟೋಬರಿನಲ್ಲಿ ಅದನ್ನು ದಡಕ್ಕೆಳೆಸಿ, ನಮ್ಮ ಖರ್ಚಿನಲ್ಲಿ ಬೇರೆ ತಪಾಸಣೆಗಾರರೊಬ್ಬರಿಂದ ಅಡಿಯನ್ನು ತೋರಿಸುವುದೆಂದಾಗಿದೆ. ಅವರು ಬೇಡವೆಂದರೆ ಬೇಡ. ಅತ್ತಿಗೆಯ ಪಟ್ಟಿ ಆಗಲೇ ಸಿದ್ಧ: ಜಾಕೀಟು ಎಂಟು, ಅದರಲ್ಲಿ ಸಣ್ಣವು ಎರಡು, ಬೆಂಕಿಯಾರಿಸುವ ಸಿಲಿಂಡರು ಎರಡು, ಗ್ಯಾಸಿನ ಒಲೆಯ ಬದಲು ಅವಲಕ್ಕಿ, ಚಟ್ನಿಪುಡಿ, ಮೊಸರನ್ನ. ಮೆತ್ತೆ ಪಟ್ಟಿಯ ಕೊನೆಯಲ್ಲಿದೆ. ಮಾವನವರು ತದಡಿಯ ಭರತದ ವೇಳೆಯನ್ನು ನವೆಂಬರಿನ ಪೂರ್ತಿ ತಿಂಗಳಿಗೆ ಬರೆದು ಗೋಡೆಗೆ ಅಂಟಿಸಿದ್ದಾರೆ.